ಡಬ್ಬಿಗೆ ಹೊಲಿದ ಅಂಗಿ

ಇಂಟರ್ನೆಟ್ಟಿನ ಡಬ್ಬಿ ದೊಡ್ಡ ಸೊಸೆಯ ಹೆಸರಿನಲ್ಲಿತ್ತು. ಆ ಮನೆಯಲ್ಲಿ ಅವಳ ಹೆಸರಿನಲ್ಲಿದ್ದದ್ದು ಅದೊಂದೇ. ಮನೆ ತೀರಿಕೊಂಡ ಮಾವನ ಹೆಸರಿನಲ್ಲಿ, ಕರೆಂಟು ಗಂಡನ ಹೆಸರಿನಲ್ಲಿ, ಗ್ಯಾಸು ಅತ್ತೆಯ ಹೆಸರಿನಲ್ಲಿ. ನೆಟ್ ಹಾಕಲು ಕಂಪನಿಯವರು ಬಂದ ದಿನ ಮನೆಯಲ್ಲಿ ಇವಳೊಬ್ಬಳೇ ಇದ್ದಳು. ಗುರುತಿನ ಚೀಟಿ ಕೇಳಿದರು, ತನ್ನದನ್ನು ಕೊಟ್ಟಳು. ಫೋನ್ ನಂಬರ್ ಕೇಳಿದರು, ತನ್ನದನ್ನೇ ಹೇಳಿದಳು. ಅಂದಿನಿಂದ ಆ ಕಪ್ಪು ಮೋಡೆಮ್ಮಿಗೆ ಅವಳೇ ಯಜಮಾನಿ.

ಯಜಮಾನಿಕೆ ಅಂದರೆ ಸುಮ್ಮನೆಯೆ? ಡಬ್ಬಿಯ ಹೊಟ್ಟೆಯಡಿ ಅಂಟಿಸಿದ ಚೀಟಿಯಲ್ಲಿ ಹದಿನಾರು ಅಕ್ಷರಗಳ ಪಾಸ್‌ವರ್ಡ್ ಇತ್ತು. ಅದನ್ನು ಬದಲಿಸುವ ಹಾಗಿರಲಿಲ್ಲ. ಒಳಗಿನ ಎಲ್ಲದಕ್ಕೂ ಕಂಪನಿಯವರು ಬೀಗ ಜಡಿದು, ಕೀಲಿಯನ್ನು ತಮ್ಮ ಕಚೇರಿಯಲ್ಲೇ ಇಟ್ಟುಕೊಂಡಿದ್ದರು. ನೆಂಟರಾಗಲಿ, ಪಕ್ಕದ ಮನೆಯವರಾಗಲಿ, ನೆಟ್ ಬೇಕೆಂದರೆ ಕೆಳಗಿನ ಹಾಲಿಗೆ ಬಂದು ಇವಳನ್ನೇ ಕೇಳಬೇಕು. ಇವಳು ಡಬ್ಬಿಯನ್ನು ಮಗುಚಿ, ಕತ್ತರಿಯ ತುದಿಯಿಂದ ಒಂದೊಂದೇ ಅಕ್ಷರ ತೋರಿಸಿ ಓದಿಸುತ್ತಿದ್ದಳು. ತಪ್ಪು ಒತ್ತಿದವರಿಗೆ ಬೈಗುಳವೂ ಸಿಗುತ್ತಿತ್ತು.

ಅವಳದು ಹೊಲಿಗೆ ಕೆಲಸ. ಬಟ್ಟೆ ಅಂಗಡಿಯೊಂದಕ್ಕೆ ಶಾಲೆಯ ಯೂನಿಫಾರಂ ಹೊಲಿದುಕೊಡುತ್ತಿದ್ದಳು, ಜೊತೆಗೆ ಮಕ್ಕಳ ಊಟದ ಬ್ಯಾಗು. ಆ ಬ್ಯಾಗಿನ ಒಳಕ್ಕೆ ಬಿಸಿ ಆರದಂತೆ ಒಂದು ಬೆಳ್ಳಿ ಹಾಳೆಯ ಬಟ್ಟೆ ಹಾಕುತ್ತಾರೆ. ಎರಡು ತಿಂಗಳ ಹಿಂದೆ ಅದರಲ್ಲಿ ಒಂದು ತುಂಡು ಉಳಿದಾಗ, ಧೂಳು ಕೂರುತ್ತದೆಂದು ಡಬ್ಬಿಗೊಂದು ಅಂಗಿ ಹೊಲಿದಳು. ಹೊರಗೆ ನೀಲಿ ಬಟ್ಟೆ, ಒಳಗೆ ಬೆಳ್ಳಿ, ಅಂಚಿಗೆ ಕೆಂಪು ಪಟ್ಟಿ, ಹಿಂದೆ ವೈರುಗಳಿಗೆ ಕಿಂಡಿ, ಮುಂದೆ ಎರಡು ಗುಂಡಿ. ನೋಡಿದವರೆಲ್ಲ ಹೊಗಳಿದರು. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ ಮಾತ್ರ, “ನನಗೆ ಅಂಗಿ ಹೊಲಿದು ಎರಡು ವರ್ಷ ಆಯ್ತು, ಡಬ್ಬಿ ಪುಣ್ಯ ಮಾಡಿತ್ತು” ಎಂದ.

ಅದರ ಮರುವಾರದಿಂದ ಮಹಡಿಯ ಮೇಲೆ ನೆಟ್ ಸರಿಯಾಗಿ ಸಿಗದಾಯಿತು. ಮನೆಯವರೆಲ್ಲ ಒಟ್ಟಾಗಿ ಕಂಪನಿಯನ್ನು ಬೈದರು.

ಮಹಡಿಯ ಮೇಲೆ ಇದ್ದವಳು ಚಿಕ್ಕ ಸೊಸೆ. ಮದುವೆಯಾಗಿ ವರ್ಷವಾಗಿತ್ತು. ಅವಳ ಗಂಡ ಔಷಧಿ ಮಾರಾಟಕ್ಕೆಂದು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುವವನು. ಅವಳಿಗೆ ಹೊಸದಾಗಿ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತ್ತು. ಚಪ್ಪಲಿ, ಬೂಟು ಮಾರುವ ಒಂದು ಕಂಪನಿಯ ಗಿರಾಕಿಗಳು ಫೋನ್ ಮಾಡಿದರೆ ಕಂಪ್ಯೂಟರ್ ಮುಂದೆ ಕೂತು ಉತ್ತರ ಕೊಡಬೇಕು. ಮೂರು ತಿಂಗಳು ನೋಡಿ, ಸರಿಯಿದ್ದರೆ ಕಾಯಂ ಮಾಡುತ್ತೇವೆಂದಿದ್ದರು. ಮೇಲೆ ಕಾಲ್ ಕಡಿದು ಕಡಿದು ಹೋಗತೊಡಗಿದಾಗ ಅವಳು ಕಂಪ್ಯೂಟರ್ ಎತ್ತಿಕೊಂಡು ಕೆಳಗೆ ಬಂದು, ಡಬ್ಬಿಯ ಮಗ್ಗುಲಲ್ಲೇ ಕೂತಳು. ಡಬ್ಬಿಯ ಇನ್ನೊಂದು ಮಗ್ಗುಲಲ್ಲಿ ಹೊಲಿಗೆ ಮಿಷನ್.

“ಅಕ್ಕ, ಐದು ನಿಮಿಷ ಮಿಷನ್ ನಿಲ್ಲಿಸ್ತೀರಾ? ಗಿರಾಕಿಗಳು ಏನೋ ಗಿರಣಿ ಸದ್ದು ಅಂತಿದ್ದಾರೆ.”

“ಶಾಲೆ ಶುರುವಾಗೋದು ನಿಂಗೋಸ್ಕರ ನಿಲ್ಲುತ್ತಾ? ನಲವತ್ತು ಚಡ್ಡಿ ಬಾಕಿ ಇದೆ.”

“ಅದಲ್ಲ ಅಕ್ಕ, ಒಂದೇ ಒಂದು ಕಾಲ್...”

“ನಿಂದು ಮಾತು, ನಂದು ಕೆಲಸ. ಮಾತು ಎಲ್ಲಿ ಬೇಕಾದ್ರೂ ಆಡಬಹುದು.”

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದರು. ಕೂರಲು ಹಾಲಿನಲ್ಲಿ ಜಾಗ ಹುಡುಕಿ, ಸಿಗದೆ, ಸೊಪ್ಪು ಬಿಡಿಸಲು ಒಳಗೇ ಹೋದರು.

ಎರಡು ವಾರ ಹೀಗೆ ಕಳೆಯಿತು. ಚಿಕ್ಕವಳು ಜಗಳಕ್ಕೆ ನಿಲ್ಲುವವಳಲ್ಲ, ಆದರೆ ಸುಮ್ಮನಿರುವವಳೂ ಅಲ್ಲ. ಸಂಬಳ ಬಂದ ದಿನವೇ ಪೇಟೆಗೆ ಹೋಗಿ ನೆಟ್ ಹಂಚುವ ತನ್ನದೇ ಒಂದು ರೂಟರ್ ತಂದಳು. ಬಿಳಿ ಬಣ್ಣ, ಎರಡು ಕೊಂಬು. ಕೆಳಗಿನ ಡಬ್ಬಿಯಿಂದ ಮೆಟ್ಟಿಲಿನ ಗೋಡೆಗುಂಟ ಒಂದು ವೈರು ಎಳೆದು, ತಾನೇ ಮೊಳೆ ಹೊಡೆದು, ಮೇಲೆ ತನ್ನ ಮೇಜಿನ ಮೇಲೆ ಅದನ್ನು ಕೂರಿಸಿದಳು. ಮೇಲೆಲ್ಲ ನೆಟ್ ಧಾರಾಳವಾಗಿ ಬಂತು.

ಅಂದು ಮಧ್ಯಾಹ್ನ ಶಾಲೆಯಿಂದ ಬಂದ ದೊಡ್ಡ ಸೊಸೆಯ ಮಗಳು ಚೀಲ ಬಿಸಾಕಿ ನೇರ ಮಹಡಿ ಹತ್ತಿದಳು. ಹದಿಮೂರರ ಹುಡುಗಿ, ಮನೆಯವರೆಲ್ಲ ಕರೆಯುವುದು ಗುಬ್ಬಿ ಎಂದು. ಅರ್ಧ ಗಂಟೆ ಬಿಟ್ಟು ಕುಣಿಯುತ್ತ ಇಳಿದು ಬಂದಳು.

“ಅಮ್ಮಾ, ಚಿಕ್ಕಮ್ಮನ ಡಬ್ಬಿ ಪಾಸ್‌ವರ್ಡ್ ಏನು ಗೊತ್ತಾ? ಗುಬ್ಬಿಗುಬ್ಬಿ ಅಂತ! ನನ್ನ ಹೆಸರೇ ಇಟ್ಟಿದ್ದಾರೆ!”

“ಅನ್ನಕ್ಕೆ ಬಾ” ಎಂದಳು ದೊಡ್ಡವಳು.

“ಮೇಲೇ ತಿನ್ಲಾ?”

“ತಟ್ಟೆ ಮೇಲೆ ಹೋದ್ರೆ ನೀನೂ ಅಲ್ಲೇ ಇರು. ಕೆಳಗೆ ಬರಬೇಡ.”

ಗುಬ್ಬಿ ಮುಖ ಊದಿಸಿಕೊಂಡು ಕೆಳಗೆ ತಿಂದಳು, ತಿಂದ ಕೈ ಒರೆಸುತ್ತಲೇ ಮೇಲೆ ಓಡಿದಳು. ಹೆತ್ತು, ಸಾಕಿ, ಜಡೆ ಹಾಕಿ ಬೆಳೆಸಿದ್ದು ತಾನು. ಹತ್ತು ಇಂಗ್ಲಿಷ್ ಅಕ್ಷರ ಒತ್ತಿ ಮಗಳನ್ನು ಕೊಂಡುಕೊಂಡವಳು ಅವಳು. ದೊಡ್ಡ ಸೊಸೆಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ, ಹೊಟ್ಟೆಕಿಚ್ಚು ಅಂತಲೇ ಅನ್ನೋಣ. ಅವಳಿಗೂ ಅದು ಗೊತ್ತಿತ್ತು.

ಮಗಳೊಬ್ಬಳೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಮೂರನೆಯ ದಿನ ಅತ್ತೆಯೂ ಮಂಡಿ ಹಿಡಿದುಕೊಂಡು, ಒಂದೊಂದು ಮೆಟ್ಟಿಲಿಗೂ ಉಸ್ ಎನ್ನುತ್ತ ಮೇಲೆ ಹೋದರು. ಮೆಟ್ಟಿಲು ಹತ್ತಲಾಗದು ಎಂದು ಮಹಡಿಯ ಕೋಣೆಯನ್ನು ಚಿಕ್ಕವರಿಗೆ ಬಿಟ್ಟುಕೊಟ್ಟ ಅತ್ತೆ! ಬೇಕರಿಯಿಂದ ಬಂದ ಗಂಡ ಕೂಡ ಮೈ ತೊಳೆದುಕೊಂಡು, ಕ್ರಿಕೆಟ್ ನೋಡಿಬರುತ್ತೇನೆಂದು ಮೇಲೆ ನಡೆದ. ಕೆಳಗೆ ಉಳಿದದ್ದು ಇವಳು, ಮಿಷನ್ನು, ಅಂಗಿ ತೊಟ್ಟ ಡಬ್ಬಿ. ಮೇಲಿನಿಂದ ನಗುವ ಸದ್ದು ಕೇಳಿದಾಗಲೆಲ್ಲ ಇವಳು ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದಳು.

ಆದರೆ ಚಿಕ್ಕವಳ ಕಷ್ಟ ತೀರಿರಲಿಲ್ಲ. ಅವಳು ಕೆಳಗೆ ಬಂದು, ಬಟ್ಟೆಯ ಗಂಟಿನ ಮಗ್ಗುಲಲ್ಲಿ ನಿಂತೇ ಹೇಳಿದಳು.

“ಒಂದೇ ಮನೇಲಿ ಎರಡು ಡಬ್ಬಿ ಆಗಿದೆ ಅಕ್ಕ. ಎರಡೂ ನಾನೇ ಯಜಮಾನಿ ಅಂತವೆ. ಹಾಡು, ಸಿನಿಮಾ ಹೇಗೋ ನುಸುಳಿ ಬರುತ್ತೆ, ನಮ್ಮ ಆಫೀಸಿನ ಕಾಲ್ ಮಾತ್ರ ಮಧ್ಯದಲ್ಲಿ ಸಿಕ್ಕಿಹಾಕ್ಕೊಳುತ್ತೆ. ಕೆಳಗಿನದು ನೆಟ್ ದಾಟಿಸಿ ಸುಮ್ಮನಿರಬೇಕು, ಹಂಚೋ ಕೆಲಸ ಮೇಲಿನದಕ್ಕೆ ಬಿಡಬೇಕು. ಅದಕ್ಕೆ ಕಂಪನಿಯವರೇ ಬೀಗ ತೆಗೀಬೇಕು. ನಾನು ಅವರಿಗೆ ಹೇಳಿಟ್ಟಿದ್ದೀನಿ. ಕನೆಕ್ಷನ್ ನಿಮ್ಮ ಹೆಸರಲ್ಲಿರೋದ್ರಿಂದ ನಿಮಗೆ ಫೋನ್ ಮಾಡ್ತಾರೆ. ಹೂಂ ಅಂದ್ರೆ ಸಾಕು.”

“ಅಂದ್ರೆ ನಂದು ಮೂಲೇಲಿ ಸುಮ್ಮನೆ ಕೂತಿರಬೇಕು, ನಿಂದು ಯಜಮಾನಿಕೆ ಮಾಡಬೇಕು.”

“ಡಬ್ಬಿ ವಿಷಯ ಅಕ್ಕ ನಾನು ಹೇಳಿದ್ದು.”

“ನಾನೂ ಡಬ್ಬಿ ವಿಷಯಾನೇ ಹೇಳಿದ್ದು. ಆಮೇಲೆ ಕೆಳಗಡೆ ನೆಟ್ ಬೇಕಾದ್ರೆ?”

“ಮೇಲಿನದೇ ಇಲ್ಲಿಗೂ ಬರುತ್ತಲ್ಲ. ಪಾಸ್‌ವರ್ಡ್ ಗುಬ್ಬಿ ಹೇಳ್ತಾಳೆ.”

ಪಾಪ, ಅವಳು ಸಹಜವಾಗಿ ಹೇಳಿದ ಮಾತದು. ಕೇಳಿದವಳ ಕಿವಿಗೆ ಮಾತ್ರ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು.

ಕಂಪನಿಯ ಫೋನ್ ಮಾರನೆಯ ದಿನವೇ ಬಂತು. “ಮೇಡಂ, ಮೋಡೆಮ್ ಬೀಗ ತೆಗೆಯೋಕೆ ನಿಮ್ಮ ಒಪ್ಪಿಗೆ ಇದೆಯಾ?” ಎಂದು ಹೆಣ್ಣುದನಿ ಕೇಳಿತು. ದೊಡ್ಡ ಸೊಸೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, “ಇಲ್ಲ” ಎಂದು ಫೋನ್ ಇಟ್ಟಳು. ಇಷ್ಟು ಚಿಕ್ಕ ಮಾತು ಇಷ್ಟು ರುಚಿಯಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಊಟಕ್ಕೆ ಕೂತಾಗ ಚಿಕ್ಕವಳು ಕೇಳಿದಳು. “ಕಂಪನಿಯಿಂದ ಫೋನ್ ಬಂತಾ ಅಕ್ಕ?”

“ಬಂದಿತ್ತೇನೋ. ಮಿಷನ್ ಸದ್ದಲ್ಲಿ ಗೊತ್ತಾಗಲಿಲ್ಲ.”

“ನೀವು ಬೇಡ ಅಂದ್ರಿ ಅಂತ ಅವರು ನನಗೆ ಮೆಸೇಜ್ ಕಳಿಸಿದ್ದಾರೆ.”

ಬೇಳೆಸಾರು ಬಡಿಸುತ್ತಿದ್ದ ಸೌಟು ಅಲ್ಲೇ ನಿಂತಿತು. ಗಂಡ ತಟ್ಟೆಯಲ್ಲಿ ಏನೋ ಅಮೂಲ್ಯವಾದದ್ದು ಬಿದ್ದುಹೋದಂತೆ ತಲೆ ತಗ್ಗಿಸಿ ಹುಡುಕಿದ.

“ಹೌದು, ಅಂದೆ. ಯಾರೋ ಫೋನ್ ಮಾಡಿ ಬೀಗ ತೆಗೀತೀವಿ ಅಂದ್ರೆ ಹೂಂ ಅನ್ಬೇಕಾ? ಮೋಸದವರಾಗಿದ್ರೆ? ಬೇಕಿದ್ರೆ ಮನೆಗೇ ಬರಲಿ, ಮುಖ ನೋಡಿ ಹೇಳ್ತೀನಿ.”

“ಅದೂ ಸರೀನೇ” ಎಂದ ಗಂಡ. ಮದುವೆಯಾದಂದಿನಿಂದ ಅವನು ಎಲ್ಲ ಜಗಳಕ್ಕೂ ಆಡುವ ಮಾತು ಅದೊಂದೇ.

ಕಂಪನಿಯಿಂದ ಮನುಷ್ಯ ಬರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಚಿಕ್ಕವಳು ಮೇಲೆ ಗಿರಾಕಿಗಳ ಕ್ಷಮೆ ಕೇಳುತ್ತಲೇ ಇದ್ದಳು. ಮೆಟ್ಟಿಲ ಬುಡದವರೆಗೂ ಅವಳ ದನಿ ಕೇಳುತ್ತಿತ್ತು: “ಹಲೋ? ಕೇಳಿಸ್ತಿದೆಯಾ ಸಾರ್? ಹಲೋ?” ಕೆಳಗೆ ಷರಟಿನ ಗುಂಡಿಗೆ ಕಾಜ ಹೊಲಿಯುತ್ತ ದೊಡ್ಡವಳು ಅದನ್ನು ಎಣಿಸುತ್ತಿದ್ದಳು. ಹೆಚ್ಚು ಹಲೋ ಬಂದ ದಿನ ಅವಳಿಗೆ ಅನ್ನ ಚೆನ್ನಾಗಿ ಸೇರುತ್ತಿತ್ತು.

ಹೆಗಲ ಮೇಲೆ ಏಣಿ ಹೊತ್ತು ಬಂದ ಕಂಪನಿಯವನು ಐವತ್ತರ ಆಸುಪಾಸಿನವನು. ಚಿಕ್ಕವಳು ಆಗ ಆಫೀಸಿನ ಕೆಲವು ಕಾಗದ ಕೊಡಲು ಹೊರಗೆ ಹೋಗಿದ್ದಳು. ಅವನು ಏಣಿಯನ್ನು ಗೋಡೆಗೆ ಒರಗಿಸಿ, ಡಬ್ಬಿಯ ಅಂಗಿ ನೋಡಿ, ಗುಂಡಿ ಬಿಚ್ಚಿ, ಒಳಗೆ ಕೈ ಹಾಕಿದ. ಬಿಸಿ ತಾಗಿ ಕೈ ಹಿಂದೆಗೆದ.

“ಇದನ್ನ ಯಾರಮ್ಮ ಹೊಲಿದಿದ್ದು?”

“ನಾನೇ. ಯಾಕೆ, ಬೇಕಾ? ಅಳತೆ ಕೊಟ್ಟು ಹೋಗಿ.”

ಅವನು ನಗಲು ಹೋಗಿ, ಅವಳ ಮುಖ ನೋಡಿ ತಡೆದುಕೊಂಡ. “ಹೊಲಿಗೆ ಏನೋ ಚೆನ್ನಾಗಿದೆ. ಆದ್ರೆ ಒಳಗಡೆ ಬೆಳ್ಳಿ ಹಾಳೆ ಇದೆಯಲ್ಲ, ಅದು ನೆಟ್ಟನ್ನ ಹೊರಗೇ ಬಿಡಲ್ಲ. ಮೇಲಾಗಿ ಬಿಸಿ ತಡೆದು ಡಬ್ಬೀನೂ ಬೇಯ್ತಿದೆ. ಎಷ್ಟು ದಿನದಿಂದ ಹಾಕಿದ್ದೀರಿ?”

ಅವಳು ಎಣಿಸಿದಳು. ಮೇಲೆ ನೆಟ್ ಕೆಟ್ಟದ್ದು ಎಂದಿನಿಂದ ಎಂಬುದನ್ನೂ ಎಣಿಸಿದಳು. ಎರಡೂ ಲೆಕ್ಕ ತಾಳೆಯಾದವು.

“ಇದನ್ನ ತೆಗೆದುಬಿಡಿ, ಈ ಡಬ್ಬಿಯ ನೆಟ್ಟೇ ಮೇಲಕ್ಕೂ ತಲುಪಿ ಕಾಲ್ ಸಲೀಸಾಗಿ ಬರುತ್ತೆ. ಎರಡನೇ ಡಬ್ಬಿ ತರೋದೇ ಬೇಕಿರಲಿಲ್ಲ. ತಂದಿದ್ದಾರೆ, ಇರಲಿ, ಬೀಗ ತೆಗೆದುಕೊಡ್ತೀನಿ, ಒಂದು ಸಹಿ ಹಾಕಿ.”

ಇವನು ನಾಳೆ ಇದನ್ನು ಹೊರಗೆ ಹೇಳಿದರೆ? ಊರ ಮಕ್ಕಳಿಗೆಲ್ಲ ಹೊಲಿದುಕೊಡುವವಳು ತನ್ನ ಮನೆಯ ನೆಟ್ಟಿಗೆ ತಾನೇ ಬುರ್ಖಾ ಹೊದಿಸಿದಳೆಂದು ಜನ ನಕ್ಕರೆ? ಮಹಡಿಯವಳು ನಕ್ಕರೆ? ಮಗಳೂ ಅವಳ ಜೊತೆ ಸೇರಿ ನಕ್ಕರೆ?

“ಬೇಡ. ಏನೂ ಮಾಡೋದು ಬೇಡ. ನೀವು ಹೊರಡಿ” ಎಂದು ಅವನನ್ನು ಸಾಗಹಾಕಿ, ಅವನ ಏಣಿ ಬೀದಿ ತಿರುಗುವ ತನಕ ಕಿಟಕಿಯಲ್ಲಿ ನಿಂತಳು. ಆಮೇಲೆ ಅಂಗಿಯ ಗುಂಡಿಗಳನ್ನು ಮತ್ತೆ ಹಾಕಿದಳು. ಚಿಕ್ಕವಳು ಬಂದು ಕೇಳಿದಾಗ, “ಈ ಡಬ್ಬೀಲಿ ಅದೆಲ್ಲ ಆಗಲ್ಲ ಅಂದ” ಎಂದಳು.

ಚಿಕ್ಕವಳು ಮೆಟ್ಟಿಲ ಮೇಲೆ ಕೂತಳು. “ಶುಕ್ರವಾರ ನಮ್ಮ ಆಫೀಸಿನ ಮೇಲಿನವರು ನನ್ನ ಕಾಲ್ ಎಲ್ಲ ಕೇಳಿ ತೀರ್ಮಾನ ಮಾಡ್ತಾರೆ ಅಕ್ಕ. ಇರ್ತೀನೋ ಹೋಗ್ತೀನೋ ಅಂತ.” ಅಳಲಿಲ್ಲ. ಅತ್ತಿದ್ದರೆ ದೊಡ್ಡವಳಿಗೆ ಸಲೀಸಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಅವಳು ಬಿಳಿ ರೂಟರನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದಳು.

“ಅಕ್ಕ, ನಿಮ್ಮ ಡಬ್ಬಿಗೆ ಹೊಲಿದಿದ್ದೀರಲ್ಲ, ಅಂಥದೇ ಒಂದು ಇದಕ್ಕೂ ಹೊಲಿದುಕೊಡ್ತೀರಾ? ಧೂಳಿಗೇ ಹೀಗಾಗ್ತಿದೆಯೋ ಏನೋ. ಒಳಗೆ ಅದೇ ಬೆಳ್ಳಿ ಬಟ್ಟೇನೇ ಹಾಕಿ. ಶುಕ್ರವಾರದೊಳಗೆ ಸಿಕ್ಕಿದ್ರೆ ಸಾಕು.”

ದೊಡ್ಡ ಸೊಸೆ ಅವಳನ್ನೇ ನೋಡಿದಳು. ಅಣಕಿಸುತ್ತಿದ್ದಾಳೆಯೆ? ಇಲ್ಲ. ಅವಳ ಮುಖದಲ್ಲಿ ಇದ್ದದ್ದು ನಿದ್ದೆಗೆಟ್ಟ ಕಣ್ಣು, ದೊಡ್ಡವರನ್ನು ಕೇಳಿ ನೋಡೋಣ ಎಂಬ ನಂಬಿಕೆ, ಅಷ್ಟೇ. ಟೇಪು ತೆಗೆದು ಅಳತೆ ಹಿಡಿದಳು. ಉದ್ದ, ಅಗಲ, ಕೊಂಬಿನ ಎತ್ತರ. ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಳು.

“ಸಂಜೆಗೆ ಕೊಡ್ತೀನಿ.”

“ನೀವಿದ್ದೀರಿ ಅಂತ ಧೈರ್ಯ ಅಕ್ಕ” ಎಂದು ಚಿಕ್ಕವಳು ಮೇಲೆ ಹೋದಳು.

ತಾನು ಏನನ್ನೂ ಮಾಡಬೇಕಾಗಿಲ್ಲ. ಅವಳೇ ಕೇಳಿದ್ದು, ಅವಳೇ ತೊಡಿಸುವುದು. ಶುಕ್ರವಾರ ಕಳೆದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮೇಲಿನ ಡಬ್ಬಿ ಧೂಳು ತಿನ್ನುತ್ತದೆ, ಮಗಳು ಕೆಳಗಿಳಿಯುತ್ತಾಳೆ, ಅತ್ತೆ ಕೆಳಗಿಳಿಯುತ್ತಾರೆ. ಬೆಳ್ಳಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಕತ್ತರಿ ಆಡಿಸಿದಳು. ನೇರವಾಗಿ, ಚೂರೂ ಹೆಚ್ಚುಕಮ್ಮಿಯಾಗದಂತೆ ಬಂತು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಬಂದು, ಮಂಡಿ ನೀವಿಕೊಂಡು, ಮೆಟ್ಟಿಲ ಕಡೆಗೆ ತಿರುಗಿದರು. ಇವಳಿಗೆ ತಡೆಯಲಾಗಲಿಲ್ಲ.

“ಹೋಗಿ ಹೋಗಿ. ಅಲ್ಲಿ ನೆಟ್ ಜೋರಾಗಿ ಬರುತ್ತಲ್ಲ. ಕೆಳಗಿನದು ಈಗ ಯಾರಿಗೆ ಬೇಕು?”

ಅತ್ತೆ ನಿಂತರು. “ನೆಟ್ಟಾ? ನನ್ನ ಫೋನ್ ಹಾಳಾಗಿ ತಿಂಗಳಾಯ್ತಲ್ಲೇ. ರಿಪೇರಿಗೆ ಕೊಡ್ತೀನಿ ಅಂತ ನೀನೇ ಇಸ್ಕೊಂಡು ನಿನ್ನ ದಾರದ ಡಬ್ಬೀಲಿ ಹಾಕಿದ್ದೀಯ.”

ದೊಡ್ಡವಳು ದಾರದ ಡಬ್ಬಿಯ ಮುಚ್ಚಳ ತೆಗೆದಳು. ರೀಲುಗಳ ನಡುವೆ ಫೋನ್ ಬಿದ್ದಿತ್ತು.

“ಮತ್ತೆ ಅಲ್ಲಿ ಹೋಗಿ ಏನು ಮಾಡ್ತೀರಿ?”

“ಕೂತ್ಕೋತೀನಿ.”

“ಕೂರೋಕೆ ಅಷ್ಟು ಮೆಟ್ಟಿಲು ಹತ್ತಬೇಕಾ? ಇಲ್ಲಿ ಕುರ್ಚಿ ಇಲ್ವಾ?”

“ಎಲ್ಲಿದೆ ತೋರಿಸು” ಎಂದರು ಅತ್ತೆ. ಕೋಪವಿರಲಿಲ್ಲ, ನಿಜವಾಗಿ ಕೇಳುತ್ತಿದ್ದರು.

ದೊಡ್ಡ ಸೊಸೆ ಹಾಲಿನ ಸುತ್ತ ನೋಡಿದಳು. ಒಂದು ಕುರ್ಚಿಯ ಮೇಲೆ ಚಡ್ಡಿಗಳ ರಾಶಿ, ಒಂದರ ಮೇಲೆ ಷರಟು, ಉದ್ದ ಬೆಂಚಿನ ಮೇಲೆ ಲಂಗಗಳು, ಮಗಳು ಓದುತ್ತಿದ್ದ ಮೇಜಿನ ಮೇಲೆ ಊಟದ ಬ್ಯಾಗುಗಳು.

“ಕೂರಕ್ಕೆ ಬಂದ್ರೆ ಅದು ಮುಟ್ಟಬೇಡಿ, ಇದು ಸುಕ್ಕಾಗುತ್ತೆ, ಕಾಲೆತ್ತಿ, ಸೂಜಿ ಬಿದ್ದಿದೆ ಅಂತೀಯ. ದುಡಿಯೋಳು ನೀನು, ನಾನೇನೂ ಅಂದಿಲ್ಲ. ಮೇಲೆ ಆ ಹುಡುಗಿ ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ತನ್ನ ಪಾಡಿಗೆ ಮಾತಾಡ್ತಿರ್ತಾಳೆ. ನಾನು ಹೋದ ತಕ್ಷಣ ಕಾಲಲ್ಲೇ ಕುರ್ಚಿ ಈ ಕಡೆ ತಳ್ಳುತ್ತಾಳೆ. ಅಷ್ಟೇ ಕಣೇ.”

ಅತ್ತೆ ಉಸ್ ಎನ್ನುತ್ತ ಮೆಟ್ಟಿಲು ಹತ್ತಿದರು. ಇವಳ ಕೈಯಲ್ಲಿ ಬೆಳ್ಳಿ ಬಟ್ಟೆ ಹಾಗೇ ಇತ್ತು. ಮೂರು ವಾರದಿಂದ ಸುಡುತ್ತಿದ್ದ ಹೊಟ್ಟೆಯಲ್ಲಿ ಈಗ ಬೇರೆ ಏನೋ ಸುಟ್ಟಿತು. ಅದು ನಾಚಿಕೆ.

ಆ ಮಧ್ಯಾಹ್ನ ಅನ್ನಕ್ಕೆ ಎಲ್ಲರೂ ಕೂತಾಗ ಅವಳು ಬಡಿಸಲಿಲ್ಲ. ನೀಲಿ ಅಂಗಿಯನ್ನು ತಂದು, ಒಳಮಗ್ಗುಲು ಹೊರಗೆ ಮಾಡಿ, ಚಿಕ್ಕವಳ ತಟ್ಟೆಯ ಪಕ್ಕ ಇಟ್ಟಳು.

“ಮೇಲೆ ಮೊದಲು ನೆಟ್ ಕೆಟ್ಟಿದ್ದು ಇದರಿಂದಲೇ. ಈ ಬೆಳ್ಳಿ ಹಾಳೆ ತಡೀತಿತ್ತು. ಏಣಿಯವನು ಅವತ್ತೇ ಹೇಳಿದ. ಬೀಗಾನೂ ತೆಗೀತೀನಿ ಅಂದ. ನಾನೇ ಬೇಡ ಅಂದು ಕಳಿಸಿದೆ. ಈಗ ಫೋನ್ ಮಾಡಿ ಒಪ್ಪಿಗೆ ಹೇಳಿದ್ದೀನಿ, ನಾಳೆ ಬರ್ತಾನೆ.”

ಗಂಡನಿಗೂ “ಅದೂ ಸರೀನೇ” ಎನ್ನಲು ಬಾಯಿ ಬರಲಿಲ್ಲ.

“ಅವತ್ತೇ ಗೊತ್ತಿತ್ತಾ?” ಚಿಕ್ಕವಳ ದನಿ ಏರಿತು. “ಇವತ್ತು ಬೆಳಿಗ್ಗೆ ನಾನು ಕೇಳಿದಾಗ್ಲೂ ಗೊತ್ತಿತ್ತಾ? ಗೊತ್ತಿದ್ದೂ ಅಳತೆ ತಗೊಂಡ್ರಾ?”

“ತಗೊಂಡೆ.”

“ಯಾಕೆ ಅಕ್ಕ?”

“ಹೊಟ್ಟೆ ಉರೀತು. ಎಲ್ಲ ಮೇಲೆ ಬರ್ತಾರೆ ಅಂತ.”

ಚಿಕ್ಕವಳು ತಟ್ಟೆ ಬಿಟ್ಟು ಎದ್ದು ಹೋದಳು. ಗುಬ್ಬಿ ಅಮ್ಮನ ಮುಖ ನೋಡಿದಳು, ಮೆಟ್ಟಿಲ ಕಡೆ ನೋಡಿದಳು, ಕೊನೆಗೆ ಚಿಕ್ಕಮ್ಮನ ತಟ್ಟೆ ಎತ್ತಿಕೊಂಡು ಮೇಲೆ ಹೋದಳು. ಈ ಸಲ ಅವಳಮ್ಮ ತಡೆಯಲಿಲ್ಲ.

ಗುರುವಾರ ಏಣಿಯವನು ಬಂದು ಬೀಗ ತೆಗೆದ. ಕೆಳಗಿನ ಡಬ್ಬಿ ಬೋಳುಮೈಯಲ್ಲಿ ಮೂಲೆಯಲ್ಲಿ ಕೂತು ನೆಟ್ ದಾಟಿಸತೊಡಗಿತು. ಶುಕ್ರವಾರದ ತೀರ್ಮಾನ ಪೂರ್ತಿ ಒಳ್ಳೆಯದಾಗಲಿಲ್ಲ. ಕಡಿದುಹೋದ ಕಾಲ್‌ಗಳು ಬಹಳ ಇವೆ, ಇನ್ನೊಂದು ತಿಂಗಳು ನೋಡಿ ಹೇಳುತ್ತೇವೆ ಎಂದರಂತೆ. ಇದು ಇವಳಿಗೆ ಗುಬ್ಬಿಯಿಂದ ತಿಳಿಯಿತು. ಚಿಕ್ಕವಳು ಇವಳೊಡನೆ ಮಾತು ಬಿಟ್ಟಿದ್ದಳು. ಪಾತ್ರೆ ತೊಳೆಯುವಾಗ ಪಕ್ಕದಲ್ಲೇ ನಿಂತರೂ ನಲ್ಲಿಯೊಡನೆ ಮಾತಾಡುತ್ತಿದ್ದಳು.

ಭಾನುವಾರ ದೊಡ್ಡ ಸೊಸೆ ಒಂದು ಕುರ್ಚಿ ಖಾಲಿ ಮಾಡಿದಳು, ಮಗಳ ಮೇಜನ್ನೂ ಮಾಡಿದಳು. ಅತ್ತೆ ಬಂದು ಒಂದು ಗಳಿಗೆ ಕೂತರು, ಚೆನ್ನಾಗಿದೆ ಎಂದರು, ಮತ್ತೆ ಮೇಲೆ ಹೋದರು. ಮೇಲಿನಿಂದ ನಗು ಕೇಳಿತು. ಇವಳ ಹೊಟ್ಟೆಯಲ್ಲಿ ಹಳೆಯ ಕೆಂಡ ಮತ್ತೆ ಕಣ್ಣು ಬಿಟ್ಟಿತು. ಅಷ್ಟು ಬೇಗ ಆರುವಂಥದ್ದಲ್ಲ ಅದು. ಪೆಡಲ್ ಮೇಲೆ ಕಾಲಿಟ್ಟಳು, ತುಳಿಯಲಿಲ್ಲ. ಹತ್ತು ಷರಟು, ಗುಂಡಿಯ ಪೊಟ್ಟಣ, ಸೂಜಿದಾರ, ಕತ್ತರಿ ಮಡಿಲಿಗೆ ಹಾಕಿಕೊಂಡು ಎದ್ದಳು.

ಚಿಕ್ಕವಳು ಆ ಕೋಣೆಗೆ ಬಂದ ಮೇಲೆ ಇವಳು ಮೇಲೆ ಹತ್ತಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಳು. ಅತ್ತೆ ಕುರ್ಚಿಯಲ್ಲಿ, ಗುಬ್ಬಿ ನೆಲದ ಮೇಲೆ ಪುಸ್ತಕ ಹರಡಿಕೊಂಡು, ಮೇಜಿನ ಮುಂದೆ ಚಿಕ್ಕವಳು.

“ಏನು ಬೇಕಿತ್ತು?” ಎಂದಳು ಚಿಕ್ಕವಳು. ಅಕ್ಕ ಎನ್ನಲಿಲ್ಲ.

“ಏನಿಲ್ಲ. ಗುಂಡಿ ಹಾಕೋದಿತ್ತು. ಇಲ್ಲಿ ಕೂತ್ಕೊಳ್ಲಾ?”

ಚಿಕ್ಕವಳು ಇವಳ ಮಡಿಲಿನ ಷರಟುಗಳನ್ನು ನೋಡಿದಳು. ಆಮೇಲೆ ಮಂಚದ ಪಕ್ಕ ಇದ್ದ ಸ್ಟೂಲನ್ನು ಕಾಲಿನಿಂದ ಈಚೆ ತಳ್ಳಿದಳು.

“ಕಾಲ್ ಬಂದ್ರೆ ಸದ್ದು ಮಾಡೋ ಹಾಗಿಲ್ಲ.”

“ಇಲ್ಲ.”

ಚಪ್ಪಲಿ ಕಂಪನಿಗೆ ಭಾನುವಾರವೆಂಬುದಿಲ್ಲ, ಎರಡನೆಯ ಗುಂಡಿ ಹಾಕುವಾಗ ಕಾಲ್ ಬಂತು. ದಾರ ಕತ್ತರಿಸಬೇಕಿತ್ತು, ಕತ್ತರಿ ಬಾಯಿ ತೆರೆದಿತ್ತು. ಯಾರಿಗಾಗಿಯೂ ಐದು ನಿಮಿಷ ಕೈ ನಿಲ್ಲಿಸದ ದೊಡ್ಡ ಸೊಸೆ, ಕತ್ತರಿಯನ್ನು ಹಾಗೇ ಹಿಡಿದುಕೊಂಡು, ಆ ಕಡೆಯವನ ಬೂಟಿನ ಗೋಳು ಮುಗಿಯುವ ತನಕ ಅಲುಗದೆ ಕೂತಳು.